ರುಮಾಲು ಸುತ್ತಿದ ಜಗತ್ತು

ಮನೆಯ ಚಿಂತೆಗಿಂತ ಜಗತ್ತಿನ ಚಿಂತೆ ನನಗೆ ಮೊದಲಿನಿಂದಲೂ ಹೆಚ್ಚು ಇಷ್ಟ. ಮನೆಯ ಚಿಂತೆ ಎಂದರೆ ಎದ್ದು ಏನಾದರೂ ಮಾಡಬೇಕಾಗುತ್ತದೆ. ಹಿತ್ತಲ ಬಾಗಿಲಿನ ಚಿಲಕ ಸಡಿಲಾದರೆ ಬಡಿಗನ ಮನೆಗೆ ಹೋಗಬೇಕು, ಅವನು ಮನೆಯಲ್ಲಿರುವುದಿಲ್ಲ, ಮತ್ತೆ ಹೋಗಬೇಕು. ಹೆಂಚು ಒಡೆದರೆ ಏಣಿ ಹುಡುಕಬೇಕು, ಏಣಿ ಸಿಕ್ಕರೆ ಹತ್ತಬೇಕು, ಹತ್ತಿದರೆ ಇಳಿಯಬೇಕು. ಜಗತ್ತಿನ ಚಿಂತೆಯಲ್ಲಿ ಈ ಯಾವ ಕಷ್ಟವೂ ಇಲ್ಲ. ಎಲ್ಲೋ ಜ್ವಾಲಾಮುಖಿ ಸಿಡಿಯಿತು, ಎಲ್ಲೋ ಗೋದಿಯ ಬೆಳೆ ಹೋಯಿತು ಎಂದು ಪೇಪರಿನಲ್ಲಿ ಬಂದರೆ, ಕುಳಿತಲ್ಲಿಂದಲೇ ಒಂದು ನಿಟ್ಟುಸಿರು ಬಿಟ್ಟು, "ಕಾಲ ಕೆಟ್ಟುಹೋತು" ಎಂದು ಪುಟ ತಿರುವಿದರೆ ನಮ್ಮ ಕರ್ತವ್ಯ ಮುಗಿಯಿತು. ಆಮೇಲೆ ಚಹಾ ಕುಡಿಯಬಹುದು. ಇಂಥ ಸುಖದ ಚಿಂತೆಯನ್ನು ಬಿಟ್ಟು ಚಿಲಕದ ಹಿಂದೆ ಯಾಕೆ ಬೀಳಬೇಕು ಎಂಬುದು ನನ್ನ ವಾದ. ನನ್ನ ಹೆಂಡತಿ ಗಿರಿಜಾ ಈ ವಾದವನ್ನು ಎಂದೂ ಒಪ್ಪಿದವಳಲ್ಲ.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲದ ಮಾತು. ಆಗ ನಾನು ಹಿರೇಕೆರೂರಿನ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ. "ಬಸ್ ಸ್ಟ್ಯಾಂಡಿಗೂ ಹತ್ರ, ಸಂತಿಗೂ ಹತ್ರ, ಸಾಲಿಗೂ ಹತ್ರ, ಇನ್ನೇನು ಬೇಕ್ರಿ ಮಾಸ್ತರ?" ಎಂದು ಮನೆಯ ಮಾಲಕರು ಹೇಳಿದಾಗ ಹಿಗ್ಗಿನಿಂದ ಹೂಂ ಅಂದುಬಿಟ್ಟೆ. ನಮಗೆ ಎಲ್ಲವೂ ಹತ್ತಿರವಾದರೆ ಎಲ್ಲರಿಗೂ ನಾವು ಹತ್ತಿರವಾಗುತ್ತೇವೆ ಎಂಬ ಇಷ್ಟು ಸಣ್ಣ ಭೂಗೋಳ ಆ ಭೂಗೋಳದ ಮಾಸ್ತರನಿಗೆ ಹೊಳೆಯಲಿಲ್ಲ.

ಸಂತೆಯ ದಿನ ಬೆಳಗಿನ ಬಸ್ಸು ಬಂದು ನಿಂತಿತೆಂದರೆ ನಮ್ಮ ಮನೆಯ ಜನಸಂಖ್ಯೆ ಏರಲು ಶುರು. ಗಿರಿಜಾಳ ತವರು ಹಂಸಭಾವಿಯ ಹತ್ತಿರದ ಒಂದು ಹಳ್ಳಿ. ಆ ಹಳ್ಳಿಯವರು, ಅವರ ಬೀಗರು, ಬೀಗರ ಓಣಿಯವರು, ಬಸ್ಸಿನಲ್ಲಿ ಬೀಗರ ಓಣಿಯವರ ಪಕ್ಕದಲ್ಲಿ ಕುಳಿತು ಬಂದವರು, ಎಲ್ಲರೂ ನಮ್ಮ ಪಡಸಾಲೆಗೆ ಬರುವವರೇ. "ಇದೊಂದು ಗಂಟು ಇಲ್ಲಿರ್ಲವಾ ತಂಗಿ, ಸಂತಿ ಮಾಡ್ಕೊಂಡು ಬರ್ತೇವಿ" ಎಂದು ಬುತ್ತಿಯ ಗಂಟನ್ನು ಗೂಟಕ್ಕೆ ನೇತುಹಾಕಿ ಹೋಗುವರು. ಮಧ್ಯಾಹ್ನ ಮೆಣಸಿನಕಾಯಿ ಚೀಲ, ಹಗ್ಗದ ಸುರುಳಿ, ಕುಡಗೋಲು, ಒಮ್ಮೊಮ್ಮೆ ಕಾಲು ಕಟ್ಟಿದ ಕೋಳಿ ಸಮೇತ ವಾಪಸು ಬಂದು ಸಾಲಾಗಿ ಕುಳಿತು ಬುತ್ತಿ ಬಿಚ್ಚುವರು. ಅವರು ಕೇಳುತ್ತಿದ್ದದ್ದು ಒಂದು ಚೊಂಬು ನೀರು ಮಾತ್ರ. ಆದರೆ ಗಿರಿಜಾ ನೀರಿಗೇ ನಿಲ್ಲಿಸುವವಳಲ್ಲ. "ಬರೇ ಒಣಾ ರೊಟ್ಟಿ ಹೆಂಗ ತಿಂತೀರಿ? ಬಿಸಿ ಅನ್ನಾ ಮಾಡೇನಿ, ಒಂದ್ ಹಿಡಿ ಉಣ್ರಿ" ಎನ್ನುವಳು. ಅವರು "ಬ್ಯಾಡ, ಬ್ಯಾಡ" ಎಂದು ಮರ್ಯಾದೆಗೆ ಬೇಕಾದಷ್ಟು ಸಲ ಹೇಳಿ ತಾಟು ಮುಂದೆ ಎಳೆದುಕೊಳ್ಳುವರು. ದಿನಾ ಜೋಳದ ರೊಟ್ಟಿ ತಿನ್ನುವ ಮಂದಿಗೆ ಆಗ ಬಿಳಿ ಅನ್ನವೆಂದರೆ ಹಬ್ಬ. ಶಾಲೆಯಿಂದ ಊಟಕ್ಕೆ ಬಂದ ನನಗೆ ಕಾಣುತ್ತಿದ್ದದ್ದು ತಳ ಕಂಡ ಅನ್ನದ ಪಾತ್ರೆ, ಮತ್ತು ಹೊಸ್ತಿಲಾಚೆ ಚಪ್ಪಲಿಗಳ ರಾಶಿ. ಒಮ್ಮೆ ಅವಸರದಲ್ಲಿ ಯಾರದೋ ಮೊಳೆ ಹೊಡೆದ ಜೋಡು ಮೆಟ್ಟಿಕೊಂಡು ಶಾಲೆಗೆ ಹೋಗಿದ್ದೆ. ಆ ಸಪ್ಪಳಕ್ಕೆ ಹುಡುಗರು ಇನ್‌ಸ್ಪೆಕ್ಟರು ಬಂದರೆಂದು ತಿಳಿದು ಎದ್ದು ನಿಂತಿದ್ದರು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಮರ್ಯಾದೆ ಮತ್ತೆಂದೂ ಸಿಗಲಿಲ್ಲ.

ಈ ಮಂದಿಗೆಲ್ಲ ಹಿರಿಯರು ಗಿರಿಜಾಳ ಕಾಕಾ ಚನ್ನಬಸಪ್ಪನವರು. ಊರಿಗೆಲ್ಲ ಅವರು ಕಾಕಾ ಆಗಿದ್ದರಿಂದ ನನಗೂ ಕಾಕಾ. ಕೆಂಪು ಅಂಚಿನ ದೊಡ್ಡ ರುಮಾಲು, ಅದಕ್ಕೆ ತಕ್ಕ ಮೀಸೆ. ನಮ್ಮ ಮನೆಯಲ್ಲಿ ಕೈಯಿರುವ ಕುರ್ಚಿ ಇದ್ದದ್ದು ಒಂದೇ, ಅದು ನನ್ನದು. ಸಂತೆಯ ದಿನ ಅದು ಕಾಕಾರದು. ಎರಡೂ ಕಾಲು ಮಡಚಿ ಅದರ ಮೇಲೆ ಕುಳಿತು, ನನ್ನ ಪೇಪರನ್ನು ತೊಡೆಯ ಮೇಲೆ ಹರಡಿ, ಸಂಪಾದಕೀಯಕ್ಕೆ ಬೆರಳಿನ ಸುಣ್ಣ ಒರೆಸುವರು. ನಾನು ಟ್ರಂಕಿನ ಮೇಲೆ ಕುಳಿತು ತಟ್ಟೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಉಣ್ಣುವೆ. ಆದರೂ ಅವರ ಬಗ್ಗೆ ಏನೂ ಅನ್ನುವ ಹಾಗಿರಲಿಲ್ಲ. ತಂದೆ ಇಲ್ಲದ ಗಿರಿಜಾಳನ್ನು ಸಾಕಿ, ಲಗ್ನ ಮಾಡಿ ಕೊಟ್ಟವರು ಅವರೇ. ಎಮ್ಮೆ ಈದದ್ದು, ಹಿತ್ತಲ ನುಗ್ಗೆಮರ ಮುರಿದದ್ದು, ಅವಳ ಗೆಳತಿಯ ಮಗಳಿಗೆ ಗಂಡು ಗೊತ್ತಾದದ್ದು, ತವರಿನ ಸುದ್ದಿಯೆಲ್ಲ ಅವರ ಬಾಯಿಂದಲೇ ಅವಳಿಗೆ ಬರಬೇಕು. ಇನ್ನು ಪಂಚಮಿಯ ಹಬ್ಬದ ಹಿಂದಿನ ಸಂತೆಗೆ ಬಂದಾಗ "ಹಬ್ಬಕ್ಕ ಬಾರವಾ" ಎಂದು ಕರೆದು, ಸಂಜೆ ಅವಳನ್ನೂ ಮಕ್ಕಳನ್ನೂ ಜೊತೆಗೇ ಕರೆದುಕೊಂಡು ಹೋಗುವರು. ನಮ್ಮ ಕಡೆ ಪಂಚಮಿಗೆ ತವರಿನವರು ಬಂದು ಕರೆಯಬೇಕು. ಕರೆಯದೆ ಹೋಗುವ ಹೆಣ್ಣುಮಗಳು ಇಲ್ಲ. ಗಿರಿಜಾ ವರ್ಷವಿಡೀ ಆ ಒಂದು ಮಾತಿಗೆ ಕಾಯುತ್ತಿದ್ದಳು.

ಹೀಗಿರುವಾಗ ಒಂದು ಶ್ರಾವಣಕ್ಕೆ ಮುಂಚೆ ನಮ್ಮ ಹೆಡ್ ಮಾಸ್ತರರು ನನ್ನನ್ನು ಕರೆದು, "ಸವಣೂರಾಗ ಮಾಸ್ತರ ಮಂದೀದು ಒಂದು ಸಭಾ ಐತ್ರಿ. ಜಗತ್ತಿನ ಜನಸಂಖ್ಯಾ ಹೆಚ್ಚಾಗಾಕತ್ತೈತಿ, ಉಣ್ಣಾಕ ಕಾಳು ಸಾಲೂದಿಲ್ಲ ಅನ್ನೂದರ ಮ್ಯಾಲೆ ಭಾಷಣ ಆಗಬೇಕು. ನೀವ ಮಾಡ್ರಿ. ನಿಮಗ ಜಗತ್ತಿನ ಚಿಂತಿ ಭಾಳ" ಎಂದರು. ಕಡೆಗೂ ನನ್ನ ಯೋಗ್ಯತೆಯನ್ನು ಗುರುತಿಸುವವರು ಸಿಕ್ಕರಲ್ಲ ಎಂದು ಎದೆ ಉಬ್ಬಿತು. ಗೋಡೆಗೋಡೆಯ ಮೇಲೆ ಕೆಂಪು ತ್ರಿಕೋನ ಬರೆದು ಎರಡೇ ಮಕ್ಕಳು ಸಾಕು ಎನ್ನುತ್ತಿದ್ದ ಕಾಲ ಅದು. ನಮಗೂ ಎರಡೇ. ಆದ್ದರಿಂದ ಉಳಿದ ಜಗತ್ತಿಗೆ ಬುದ್ಧಿ ಹೇಳುವ ಅಧಿಕಾರ ನನಗೆ ತಾನಾಗಿ ಬಂದಿತ್ತು.

ಗ್ರಂಥಾಲಯದಲ್ಲಿ ಕುಳಿತು ಓದಿದೆ. ಓದಿದಷ್ಟೂ ಹೆದರಿಕೆಯಾಯಿತು, ಹೆದರಿಕೆಯಾದಷ್ಟೂ ಖುಷಿಯಾಯಿತು. ಜನರ ಸಂಖ್ಯೆಯಲ್ಲಿ ಎಷ್ಟು ಸೊನ್ನೆಗಳಿದ್ದವೆಂದರೆ, ಕಪ್ಪು ಹಲಗೆಯ ಮೇಲೆ ಬರೆಯಲು ಹೋಗಿ ಕೊನೆಯ ಸೊನ್ನೆಗಳು ಗೋಡೆಯ ಮೇಲೆ ಬಂದವು. ಹೊಸ ತಳಿ, ಗೊಬ್ಬರ, ನೀರಾವರಿ ಎಂದು ಬೆಳೆ ಹೆಚ್ಚುತ್ತಿದ್ದರೂ ಉಣ್ಣುವ ಬಾಯಿಗಳು ಅದಕ್ಕಿಂತ ಮುಂದೆ ಓಡುತ್ತಿವೆಯೆಂದು ಪುಸ್ತಕ ಹೇಳುತ್ತಿತ್ತು. ಹೈಬ್ರೀಡ್ ಜೋಳದ ಬಗ್ಗೆ ಕಾಕಾರನ್ನೂ ಕೇಳಿದೆ. "ಬೆಳಿ ಏನೋ ಭರಪೂರ ಬರತೈತ್ರಿ ಅಳ್ಯಾರ. ಆದರ ಆ ರೊಟ್ಟಿ ತಿಂದ್ರ ಹೊಟ್ಟಿ ತುಂಬತೈತಿ, ಬಾಯಿ ತುಂಬೂದಿಲ್ಲ" ಎಂದರು. ಇದನ್ನು ಭಾಷಣದಲ್ಲಿ ಹಾಕಿಕೊಳ್ಳಲು ಆಗಲಿಲ್ಲ. ಯಾವ ದೇಶದ ತಜ್ಞರು ಹೇಳಿದ್ದೆಂದು ಯಾರಾದರೂ ಕೇಳಿದರೆ ಏನು ಹೇಳುವುದು?

ಭಾಷಣದ ಜೊತೆಗೆ ಒಂದು ದೊಡ್ಡ ಪಟ ಇದ್ದರೆ ಸಭೆ ಬೆಚ್ಚಿಬೀಳುತ್ತದೆಂದು ನನಗನ್ನಿಸಿತು. ಆದರೆ ನಮ್ಮ ಚಿತ್ರಕಲೆಯ ಮಾಸ್ತರರು ಅಕ್ಕನ ಮಗಳ ಲಗ್ನಕ್ಕೆಂದು ಶಿಗ್ಗಾವಿಗೆ ಹೋಗಿ ಅಲ್ಲೇ ಜ್ವರ ಹಿಡಿದು ಮಲಗಿದ್ದರು. ಸರಿ, ನಾನೇ ಬರೆಯಲು ಕುಳಿತೆ. ನಡುವೆ ಒಂದು ರೊಟ್ಟಿ. ರೊಟ್ಟಿ ಬರೆಯುವುದು ಸುಲಭ, ಗಿರಿಜಾ ಹಿಟ್ಟು ನಾದುವ ಪರಾತವನ್ನು ಬೋರಲು ಹಾಕಿ ಸುತ್ತ ಪೆನ್ಸಿಲ್ ಎಳೆದರಾಯಿತು. ಅದರ ಸುತ್ತ ಜಗತ್ತಿನ ಎಲ್ಲ ದೇಶದ ಜನ, ಬಾಯಿ ತೆರೆದು ಕೈ ಚಾಚಿ ಕುಳಿತಿರಬೇಕು. ಕಷ್ಟ ಬಂದದ್ದು ಇಲ್ಲಿ. ಚೀನಾದವನು ಹೇಗಿರುತ್ತಾನೆ, ಆಫ್ರಿಕಾದವಳು ಏನು ಉಡುತ್ತಾಳೆ, ಓದಿದ್ದೆನೇ ಹೊರತು ಕೈಗೆ ಬರಲೊಲ್ಲದು. ನನ್ನ ಕೈಗೆ ಬರುತ್ತಿದ್ದದ್ದು ಎರಡೇ: ಗಂಡಸಾದರೆ ರುಮಾಲು ಮೀಸೆ, ಹೆಂಗಸಾದರೆ ಸೆರಗು ಮೂಗುತಿ. ಹೀಗಾಗಿ ರಷ್ಯಾದವನ ತಲೆಗೂ ರುಮಾಲು ಬಂತು, ಬ್ರೆಜಿಲ್ಲಿನವನ ಮುಖಕ್ಕೂ ಮೀಸೆ ಬಂತು, ಜಪಾನಿನ ಮುದುಕನೊಬ್ಬ ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಕುಳಿತ. ಕೆಮ್ಮಣ್ಣು, ಬಟ್ಟೆಗೆ ಹಾಕುವ ನೀಲಿ, ಅರಿಸಿನ ಕಲಸಿ ಬಣ್ಣ ಹಚ್ಚಿದೆ. ಕೆಳಗೆ ದಪ್ಪ ಅಕ್ಷರದಲ್ಲಿ, "ಬಾಯಿಗಳು ಹೆಚ್ಚುತ್ತಿವೆ, ರೊಟ್ಟಿ ಹೆಚ್ಚುತ್ತಿಲ್ಲ!" ಎಂದು ಬರೆದೆ. ಜಿಟಿಜಿಟಿ ಮಳೆಯ ದಿನಗಳಾದ್ದರಿಂದ ಬಣ್ಣ ಒಣಗಲೆಂದು ಪಡಸಾಲೆಯ ಗೋಡೆಗೆ ತೂಗುಹಾಕಿದೆ.

ಮರುದಿನವೇ ಸಂತೆ. ಮಧ್ಯಾಹ್ನ ಮನೆಗೆ ಬಂದಾಗ ಮಂದಿ ಎಂದಿನಂತೆ ಸಾಲಾಗಿ ಕುಳಿತಿದ್ದರು. ಎಲ್ಲರ ಮುಂದೆ ಅನ್ನ, ಎಲ್ಲರ ಕಣ್ಣು ಗೋಡೆಯ ಮೇಲೆ. ಕಾಕಾ ಒಂದೊಂದೇ ಅಕ್ಷರ ಕೂಡಿಸಿ ಕೆಳಗಿನ ಬರಹ ಓದಿ ಮುಗಿಸಿದ್ದರು. "ಅಳ್ಯಾರ, ಇದೇನ್ರಿ ಇದು?" ಎಂದರು. ಭಾಷಣವನ್ನು ಯಾರ ಮುಂದಾದರೂ ಒಮ್ಮೆ ಒಪ್ಪಿಸಿ ನೋಡಬೇಕೆಂದು ನಾನು ಕಾಯುತ್ತಲೇ ಇದ್ದೆ. ಮೂಲೆಯಲ್ಲಿದ್ದ ಫುಟ್‌ಪಟ್ಟಿ ಹಿಡಿದು ಪಟದ ಪಕ್ಕ ನಿಂತೆ. "ನೋಡ್ರಿ, ಇದು ರೊಟ್ಟಿ. ಇವರೆಲ್ಲ ತಿನ್ನಾಕ ಕುಂತಾರ. ಇವತ್ತು ಇಷ್ಟು ಮಂದಿ, ನಾಳೆ ಇದರ ಎರಡರಷ್ಟು ಮಂದಿ. ಹಿಂಗ ಬರ್ಕೋಂತ ಹ್ವಾದ್ರ ರೊಟ್ಟಿ ಎಲ್ಲಿಂದ ತರೂದು? ಈಗರ ಎಚ್ಚರ ಆಗಬೇಕು!" ಎಂದು ಫುಟ್‌ಪಟ್ಟಿಯಿಂದ ಒಂದೊಂದೇ ರುಮಾಲನ್ನು ಮುಟ್ಟಿ ಮುಟ್ಟಿ ತೋರಿಸಿದೆ. ಆಹಾ, ಅಂಥ ಸಭೆಯನ್ನು ನಾನು ಕಂಡಿರಲೇ ಇಲ್ಲ! ಕೆಮ್ಮಿಲ್ಲ, ಪಿಸುಮಾತಿಲ್ಲ. ಮೊಸರು ಮಾರಲು ಬರುವ ನೀಲವ್ವ ಎಂಬಾಕೆ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ಅಲ್ಲೇ ಹಿಡಿದು ಕುಳಿತುಬಿಟ್ಟಳು. ಅಂದು ಯಾರೂ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ನನ್ನ ಮಾತು ಅಷ್ಟು ಆಳಕ್ಕೆ ಇಳಿಯಿತಲ್ಲ ಎಂದು ಹಿಗ್ಗುತ್ತ ಶಾಲೆಗೆ ಹೊರಟೆ. ಒಲೆಯ ಮುಂದಿದ್ದ ಗಿರಿಜಾಳಿಗೆ ಇದೊಂದೂ ಗೊತ್ತಿಲ್ಲ. "ಇವತ್ಯಾಕೋ ಎಲ್ಲಾರೂ ಲಗೂನ ಎದ್ರು. ಗಂಟೂ ತಗೊಂಡ ಹ್ವಾದ್ರು" ಎಂದಳು ಸಂಜೆ.

ಮುಂದಿನ ಸಂತೆಗೆ ಯಾರೂ ಬರಲಿಲ್ಲ. ಬಸ್ಸು ಬಂತು, ಹೋಯಿತು. ನಮ್ಮ ಹೊಸ್ತಿಲಾಚೆ ನನ್ನ ಚಪ್ಪಲಿ ಮಾತ್ರ, ತಬ್ಬಲಿಯ ಹಾಗೆ. ನಾನು ನನ್ನ ಕುರ್ಚಿಯಲ್ಲಿ ಕುಳಿತು ಸುಣ್ಣ ಹತ್ತದ ಸಂಪಾದಕೀಯವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅದರಲ್ಲಿ ಏನೂ ಇರಲಿಲ್ಲ. ಗಿರಿಜಾ ಬಾಗಿಲಿಗೂ ಒಲೆಗೂ ತಿರುಗಾಡುತ್ತಿದ್ದಳು. "ಕಾಕಾಗ ಆರಾಮಿಲ್ಲೇನೋ. ಆರಾಮಿದ್ರ ಸಂತಿ ತಪ್ಪಿಸಾಂವಲ್ಲ" ಎಂದಳು. "ಮಳಿ ಇದ್ದೀತು ಬಿಡು" ಎಂದೆ. ಬಡಿಸಿದ ತಟ್ಟೆಯಲ್ಲಿ ಅನ್ನ, ಸಾರು. "ರೊಟ್ಟಿ ಎಲ್ಲಿ?" ಎಂದು ಕೇಳಿದೆ.

"ಎಲ್ಲಿಂದ ತರ್ಲಿ? ಅವರು ಬರಲೇ ಇಲ್ಲಲ್ಲ."

"ಅವರು ಬರದಿದ್ರ ನಮ್ಮ ರೊಟ್ಟಿಗೇನಾಗೈತಿ?"

ಗಿರಿಜಾ ನನ್ನನ್ನೇ ನೋಡಿದಳು. "ಸಂತಿ ಆದ ಮ್ಯಾಲೆ ದಿನಾ ನೀವು ಕಟಕಟ ಮುರಿದು ತಿಂತೀರಲ್ಲ, ಅವು ಯಾರ ರೊಟ್ಟಿ ಅಂತ ತಿಳಿದೀರಿ?" ಎಂದಳು. ಆಮೇಲೆ ತಿಳಿಯಿತು, ನಮ್ಮ ಮನೆಯ ಅರ್ಥಶಾಸ್ತ್ರ. ಬಂದವರು ಬಿಸಿ ಅನ್ನ ಉಂಡು, ಬುತ್ತಿಯ ರೊಟ್ಟಿಯನ್ನು ಇಲ್ಲೇ ಬಿಟ್ಟು ಹೋಗುವರು. ವಾಪಸು ಒಯ್ದರೆ ಕಟ್ಟಿಕೊಟ್ಟವಳು "ಯಾಕ, ನನ್ನ ರೊಟ್ಟಿ ಸೇರಲಿಲ್ಲೇನು?" ಎಂದು ಜಗಳ ತೆಗೆಯುತ್ತಾಳಂತೆ. ಆ ಖಡಕ್ ರೊಟ್ಟಿಗಳು ದಿನಗಟ್ಟಲೆ ಕೆಡುವುದಿಲ್ಲ. ನೀಲವ್ವನ ಮೊಸರು, ಇನ್ನೊಬ್ಬರ ಶೇಂಗಾ ಚಟ್ನಿ, ಮತ್ತೊಬ್ಬರ ಹಕ್ಕರಿಕೆ ಸೊಪ್ಪು, ಎಲ್ಲ ಹೀಗೇ ಬರುತ್ತಿದ್ದವು. ಅಯ್ಯೋ ದೇವರೇ! ಇಷ್ಟು ವರ್ಷ "ಈ ಸಲ ರೊಟ್ಟಿ ಭಾರಿ ಆಗ್ಯಾವ, ನಿನ್ನ ಕೈ ಹದಾ ಅಂದ್ರ ಹದಾ" ಎಂದು ನಾನು ಹೊಗಳಿದ್ದು ಹಂಸಭಾವಿಯ ಆಸುಪಾಸಿನ ಯಾವ ಯಾವ ಗೃಹಿಣಿಯರನ್ನೋ! ಗಿರಿಜಾ ಆ ಹೊಗಳಿಕೆಯನ್ನೆಲ್ಲ ನಗುತ್ತ ಇಟ್ಟುಕೊಂಡಿದ್ದಳು. "ಇರ್ಲಿ, ಈಗ ಹಿಟ್ಟು ಬೀಸಿಸಿಕೊಂಡು ಬಾ" ಎಂದೆ. ಮಳೆಗೆ ತಂತಿ ಹರಿದು ಗಿರಣಿಯಲ್ಲಿ ಕರೆಂಟು ಇರಲಿಲ್ಲ.

ಹೀಗೆ, ಜಗತ್ತಿನ ಆಹಾರದ ಕೊರತೆಯ ಬಗ್ಗೆ ಮಾತಾಡಲು ನಾನು ಬುತ್ತಿಯಿಲ್ಲದೆ ಸವಣೂರಿಗೆ ಹೊರಟೆ. ಹಾವೇರಿಯಲ್ಲಿ ಬಸ್ಸು ಬದಲಿಸಿ, ಪಟದ ಸುರುಳಿಯನ್ನು ಮಗುವಿನಂತೆ ಎದೆಗವಚಿಕೊಂಡು ಹೋಗಿ ಇಳಿದೆ. ಹಸಿದವನ ಬಾಯಲ್ಲಿ ಹಸಿವಿನ ಭಾಷಣ ಚೆನ್ನಾಗಿ ಬರುತ್ತದೆ. ಕೊನೆಗೆ ನನ್ನ ದನಿ ನಡುಗಿದ್ದನ್ನು ಸಭೆ ಕಳಕಳಿ ಎಂದು ತಿಳಿದು ಚಪ್ಪಾಳೆ ಹೊಡೆಯಿತು. ಮಾಸ್ತರರು ಸುತ್ತುವರಿದು ಕೈ ಕುಲುಕಿದರು, ಒಬ್ಬರಂತೂ, "ಜಗತ್ತಿನ ಮಂದಿ ನಮ್ಮ ಮಂದಿ ಹಂಗ ಕಾಣ್ತಾರಲ್ರಿ, ಏನ್ ಭಾವನಾ ಅದು!" ಎಂದು ಪಟವನ್ನು ಕೊಂಡಾಡಿದರು. ಇಷ್ಟೆಲ್ಲ ಆಗಿ ಊಟದ ಚಪ್ಪರಕ್ಕೆ ಹೋದರೆ ಅನ್ನ ಮುಗಿದಿತ್ತು. ಎಣಿಕೆಗಿಂತ ಹೆಚ್ಚು ಮಂದಿ ಬಂದಿದ್ದರಂತೆ. ನನ್ನ ಮಾತು ಇಷ್ಟು ಬೇಗ ನಿಜವಾದೀತೆಂದು ನಾನು ಅಂದುಕೊಂಡಿರಲಿಲ್ಲ. ಪೇಟೆಯಲ್ಲಿ ಎಣ್ಣೆಯಲ್ಲಿ ಕರಿದ ಸವಣೂರು ಖಾರಾ ತೆಗೆದುಕೊಂಡು ಒಂದು ಹಿಡಿ ಬಾಯಿಗೆ ಹಾಕಿ ನೀರು ಕುಡಿದೆ. ಕಾಕಾರ ನೆನಪಾಗಿ ಒಂದು ಪೊಟ್ಟಣ ಖಾರಾವನ್ನೂ ಒಂದು ಕಟ್ಟು ವೀಳ್ಯದೆಲೆಯನ್ನೂ ಕಟ್ಟಿಸಿಕೊಂಡೆ. ಸವಣೂರು ಎಲೆಯೆಂದರೆ ಅವರಿಗೆ ಪ್ರಾಣ.

ವಾಪಸು ಬರುವಾಗ ಹಾವೇರಿಯಲ್ಲಿ ನಮ್ಮ ಬಸ್ಸು ಹತ್ತಿದರೆ, ಒಳಗೆ ಖಾಲಿ ಗಡಿಗೆಗಳ ನಡುವೆ ನೀಲವ್ವ ಕುಳಿತಿದ್ದಳು. ಮಗಳ ಮನೆಗೆ ಹೋಗಿದ್ದಳಂತೆ. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು, ಆಮೇಲೆ ನನ್ನ ಕಂಕುಳಲ್ಲಿದ್ದ ಸುರುಳಿಯನ್ನು ನೋಡಿ ಸ್ವಲ್ಪ ದೂರ ಸರಿದಳು.

"ಇವತ್ತು ಯಾರ ಮನ್ಯಾಗ ತೂಗು ಹಾಕಿ ಬಂದ್ರಿ ಮಾಸ್ತರ?" ಎಂದಳು.

"ಯಾರ ಮನ್ಯಾಗೂ ಅಲ್ಲ ನೀಲವ್ವ, ಸಭಾದಾಗ. ಮೊನ್ನಿ ಸಂತಿ ದಿನಾ ಮನಿಗ್ಯಾಕ ಬರ್ಲಿಲ್ಲ ನೀವು?"

"ನಮಗೂ ತಿಳೀತೈತ್ರಿ. ತ್ರಾಸ ಆಗಾಕತ್ತೈತಿ ಅಂತ ಬಾಯಿಲೆ ಹೇಳಿದ್ರ ಆಗ್ತಿತ್ತು. ಪಟಾ ಬರದು, ಕೋಲು ಹಿಡದು, ಒಬ್ಬೊಬ್ಬರ್ನ ಮುಟ್ಟಿ ತೋರ್ಸೂದು ಬೇಕಾಗಿತ್ತೇನ್ರಿ?"

ನನಗೆ ಒಮ್ಮೆಲೇ ಬಸ್ಸು ಹಳ್ಳಕ್ಕೆ ಬಿದ್ದ ಹಾಗಾಯಿತು. ಬಸ್ಸು ಇನ್ನೂ ಹೊರಟಿರಲೇ ಇಲ್ಲ. "ಅಯ್ಯೋ ನೀಲವ್ವ, ಅದು ನೀವಲ್ಲ! ಅದು ಜಗತ್ತು!" ಎಂದೆ.

"ಕೆಂಪ ಅಂಚಿನ ರುಮಾಲದಾಂವ ಕಾಕಾ ಅಲ್ಲೇನು?"

"ಅಂವ ರಷ್ಯಾದಾಂವ."

"ಅವನ ಬಾಜೂ ಮೂಗುತಿ ಹಾಕ್ಕೊಂಡಾಕಿ ನಾನಲ್ಲೇನು?"

"ಆಕಿ ಚೀನಾದಾಕಿ, ನನ್ನಾಣಿ!"

"ಚೀನಾದಾಕಿ ನನ್ನಂಗ ಮೂಗುತಿ ಯಾಕ ಹಾಕ್ಕೊಂಡಾಳ್ರಿ?" ಎಂದು ನೀಲವ್ವ ಕೇಳಿದಳು. ಹಿಂದಿನ ಸೀಟಿನವರೂ ಮುಂದೆ ಬಾಗಿ ನನ್ನ ಉತ್ತರಕ್ಕೆ ಕಾದರು. ನಾನು ಹಿರೇಕೆರೂರು ಬರುವವರೆಗೂ ಕಿಟಕಿಯ ಹೊರಗೆ ಗೋವಿನಜೋಳದ ಹೊಲಗಳನ್ನು ನೋಡುತ್ತ ಕುಳಿತೆ.

ಮನೆಗೆ ಬಂದು ಗಿರಿಜಾಳಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಪಟವನ್ನು ಬಿಚ್ಚಿಸಿ, ದೀಪದ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದಳು. "ಕಾಕಾನ ಬರೋಬ್ಬರಿ ತಗದೀರಿ" ಎಂದಳು. ಆಮೇಲೆ ಕಣ್ಣೊರೆಸಿಕೊಂಡಳು. "ನನ್ನ ತವರಮನಿ ವಾರಕ್ಕೊಮ್ಮೆ ಬಸ್ ಹತ್ತಿ ಬರ್ತಿತ್ತು. ಪಂಚಮಿ ಬಂತು. ಕರಿಯಾಕ ಅವ ಬರ್ಲಿಲ್ಲಂದ್ರ ನಾ ಯಾವ ಮಾರಿ ಇಟ್ಕೊಂಡು ಹೋಗ್ಲಿ?" ಎಂದಳು. ನನಗೆ ನಿಜವಾಗಿ ಸಂಕಟವಾಯಿತು. ಜ್ವಾಲಾಮುಖಿಗೆ ಬಿಡುವ ನಿಟ್ಟುಸಿರು ಇಲ್ಲಿ ನಡೆಯುವಂತಿರಲಿಲ್ಲ. ಇದು ಚಿಲಕದ ಜಾತಿಯ ಚಿಂತೆ, ಎದ್ದು ಹೋಗಲೇಬೇಕು.

ಪಂಚಮಿಯ ಹಿಂದಿನ ಸಂತೆಯ ದಿನ ಅರ್ಧ ದಿನ ರಜೆ ಹಾಕಿದೆ. ಖಾರಾದ ಪೊಟ್ಟಣ, ನೀರು ಚಿಮುಕಿಸಿ ಕಾಪಾಡಿಕೊಂಡಿದ್ದ ಎಲೆಯ ಕಟ್ಟು ಹಿಡಿದು ಸಂತೆಗೆ ಹೋದೆ. ಹತ್ತಿಯ ಅಂಗಡಿಗಳ ಆಚೆ ಒಂದು ಬೇವಿನ ಮರದ ಕೆಳಗೆ ನಮ್ಮ ಪಡಸಾಲೆಯೇ ಕುಳಿತಿತ್ತು. ಕಾಕಾ ಒಂದು ಕಲ್ಲಿನ ಮೇಲೆ, ಉಳಿದವರು ಗೋಣಿಚೀಲಗಳ ಮೇಲೆ. ನನ್ನನ್ನು ಕಂಡು ಎಲ್ಲರೂ ಎದ್ದು ನಿಂತರು. ಯಾವತ್ತೂ ಎದ್ದು ನಿಲ್ಲದವರು ಅಂದು ನಿಂತದ್ದು ನೋಡಿ ನನ್ನ ಜೀವ ಅರ್ಧವಾಯಿತು.

"ಬರ್ರಿ ಅಳ್ಯಾರ" ಎಂದರು ಕಾಕಾ.

"ಮನಿಗೆ ಬರ್ರಿ ಕಾಕಾರ. ಗಿರಿಜಾ ದಾರಿ ನೋಡಾಕತ್ತಾಳ. ಎಲ್ಲಾರೂ ಊಟಕ್ಕ ಬರ್ರಿ."

"ಊಟ ಆತ್ರಿ" ಎಂದರು. ಅವರ ತೊಡೆಯ ಮೇಲೆ ಬುತ್ತಿಯ ಗಂಟು ಬಿಚ್ಚದೆ ಹಾಗೇ ಇತ್ತು.

ನಾನು ರಷ್ಯಾದಿಂದ ಆರಂಭಿಸಿದೆ. ಚಿತ್ರಕಲೆಯ ಮಾಸ್ತರರ ಜ್ವರ, ನನ್ನ ಕೈಯ ಮಿತಿ, ಜಪಾನಿನ ಮುದುಕನ ಕೊಡೆ, ಎಲ್ಲ ವಿವರಿಸಿದೆ. ಎಲ್ಲರೂ ಮರ್ಯಾದೆಯಿಂದ "ಹೌದ್ರಿ, ಹೌದ್ರಿ" ಎಂದರು. ಒಂದು ಮಾತೂ ನಂಬಲಿಲ್ಲ. ಸವಣೂರನ್ನು ನಡುಗಿಸಿದ ಭಾಷಣಕಾರ ಬೇವಿನ ಮರದ ಕೆಳಗೆ ಮಾತು ಮುಗಿದು ನಿಂತುಬಿಟ್ಟೆ. ಅಷ್ಟರಲ್ಲಿ ನೀಲವ್ವ ತನ್ನ ಗಂಟಿನ ಒಂದು ತುದಿ ಸಡಿಲಿಸಿದಳು. ಶೇಂಗಾ ಚಟ್ನಿಯ, ಬೆಳ್ಳುಳ್ಳಿಯ ಘಮ ಬಂತು. ಗಿರಣಿಯಲ್ಲಿ ಕರೆಂಟು ಬಂದಿದ್ದರೂ ಗಿರಿಜಾ ಆ ವಾರವೆಲ್ಲ ರೊಟ್ಟಿ ಬಡಿಯುವ ಮನಸ್ಸು ಮಾಡಿರಲಿಲ್ಲ. ಎಷ್ಟೋ ದಿನದಿಂದ ಬಾಯಿ ತುಂಬುವಂಥದ್ದನ್ನು ನಾನು ತಿಂದೇ ಇರಲಿಲ್ಲ. ಏನು ಹೇಳಬೇಕೆಂದು ಯೋಚಿಸುವುದಕ್ಕೆ ಮೊದಲೇ ಕಾಲು ಮಡಚಿ, ಇಸ್ತ್ರಿಯ ಪ್ಯಾಂಟಿನ ಸಮೇತ, ನೆಲದ ಮೇಲೆ ಕುಳಿತುಬಿಟ್ಟಿದ್ದೆ.

"ನನಗ ಭಾಳ ಹಸಿವ್ಯಾಗೈತಿ. ಒಂದ್ ರೊಟ್ಟಿ ಕೊಡ್ರಿ" ಎಂದು ಕೈ ಚಾಚಿದೆ.

ಕಾಕಾ ನನ್ನ ಮುಖ ನೋಡಿದರು, ನನ್ನ ಕೈ ನೋಡಿದರು. ಗಂಟು ಬಿಚ್ಚಿ, ಅಂಗೈಯಗಲಕ್ಕಿಂತ ದೊಡ್ಡ ರೊಟ್ಟಿಯೊಂದನ್ನು ತೆಗೆದು, ಅದರ ಮೇಲೆ ಚಟ್ನಿ, ಒಂದು ತುಂಡು ಕಡಲೆಹಿಟ್ಟಿನ ಜುಣಕದ ವಡಿ ಇಟ್ಟು ಕೊಟ್ಟರು. ತಟ್ಟೆಯಿಲ್ಲ, ಟ್ರಂಕಿಲ್ಲ. ಕಟಕಟ ಮುರಿದು ತಿಂದೆ. ಎಲ್ಲರೂ ನೋಡುತ್ತಿದ್ದರು. ಅದು ಮುಗಿದ ಮೇಲೆ, ಸುಳ್ಳೇಕೆ ಹೇಳಲಿ, ಇನ್ನೊಮ್ಮೆ ಕೈ ಚಾಚಿದೆ.

ಆಗ ಕಾಕಾರ ಮೀಸೆ ಅಲ್ಲಾಡಿತು. ಮೊದಲು ಹೊಟ್ಟೆಯೊಳಗೇ ನಕ್ಕರು, ಆಮೇಲೆ ರುಮಾಲು ಜಾರುವ ಹಾಗೆ ನಕ್ಕರು. "ಅಳ್ಯಾರ, ಖರೇ ಹೇಳ್ರಿ. ಆ ನಿಮ್ಮ ಪಟದಾಗ ಎಲ್ಲಾರ್ನೂ ತಗದೀರಿ. ನೀವು ಎಲ್ಲಿ ಅದೀರಿ?"

ನಾನು ಯೋಚಿಸಿದೆ. ನಾನು ಎಲ್ಲಿಯೂ ಇರಲಿಲ್ಲ. ಕೋಟಿಗಟ್ಟಲೆ ಬಾಯಿಗಳನ್ನು ಬರೆದವನು ನನ್ನ ಬಾಯಿಯನ್ನು ಬರೆಯುವುದನ್ನೇ ಮರೆತಿದ್ದೆ. "ಇಲ್ರಿ ಕಾಕಾರ, ನಾ ಇಲ್ಲ ಅದರಾಗ" ಎಂದೆ.

"ಅದಕ್ಕ ಮತ್ತ! ತಗದಾಂವ ಒಬ್ಬಾಂವ ಬಿಟ್ಟು ಬ್ಯಾರೆ ಎಲ್ಲಾರೂ ಕುಂತಾರ ಅಂದ್ರ, ನಮ್ಮ ಮಾರೀನ ಅಂತ ನಾವು ತಿಳಿಯೂದಿಲ್ಲೇನು?" ಎಂದು ಕಣ್ಣೊರೆಸಿಕೊಂಡು, ಎಲೆಯ ಕಟ್ಟನ್ನು ನನ್ನ ಕೈಯಿಂದ ತಾವೇ ತೆಗೆದುಕೊಂಡು ಮೂಸಿ ನೋಡಿದರು. "ಸವಣೂರದು! ಏಳ್ರಿ, ಏಳ್ರಿ ಎಲ್ಲಾರೂ. ಹುಡುಗಿ ಸಾರು ಇಟ್ಟಿರ್ತಾಳ, ಆರಿ ಹೋಕ್ಕೈತಿ."

ಗಿರಿಜಾ ಬಾಗಿಲಲ್ಲೇ ನಿಂತಿದ್ದಳು. ಕಾಕಾ ಗಂಟನ್ನು ಗೂಟಕ್ಕೆ ಹಾಕಿ, ನನ್ನ ಕುರ್ಚಿಯಲ್ಲಿ ಕಾಲು ಮಡಚಿ ಕುಳಿತು, "ಏನವಾ, ಪಂಚಮಿ ಬಂತಲ್ಲ. ಸಂಜಿ ಬಸ್ಸಿಗೆ ಹೋಗೂಣಲ್ಲ? ಉಂಡಿ ಕಟ್ಟಾಕ ಶೇಂಗಾ ಹುರದಿಟ್ಟಾಳ ನಿಮ್ಮ ಕಾಕಿ" ಎಂದರು. ಅವಳು "ಹೂಂ" ಎಂದವಳೇ ಒಳಗೆ ಓಡಿದಳು. ಅನ್ನಕ್ಕೆ ಎಸರು ಹೆಚ್ಚಿಸಿದ ಸಪ್ಪಳ ಪಡಸಾಲೆಯವರೆಗೂ ಕೇಳಿಸಿತು. ನಾನು ಟ್ರಂಕಿನ ಮೇಲೆ ನನ್ನ ಜಾಗದಲ್ಲಿ ಕುಳಿತೆ. ಅಷ್ಟು ಸುಖವಾಗಿ ಆ ಟ್ರಂಕಿನ ಮೇಲೆ ನಾನು ಹಿಂದೆಂದೂ ಕುಳಿತಿರಲಿಲ್ಲ.

ಊಟವಾದ ಮೇಲೆ ಪಟವನ್ನು ಮತ್ತೆ ಬಿಚ್ಚಿಸಿದರು. ಎಲ್ಲರ ಎದುರಿಗೇ ನನ್ನನ್ನು ಅದರಲ್ಲಿ ಬರೆಯಬೇಕೆಂದು ತೀರ್ಮಾನವಾಯಿತು. ಕೊನೆಯಲ್ಲಿ ಖಾಲಿ ಜಾಗ ನೋಡಿ ಒಂದು ತಲೆ, ಅದಕ್ಕೆ ನನ್ನ ಕನ್ನಡಕ ಬರೆದೆ. "ಬಾಯಿ ಇನ್ನೂ ದೊಡ್ಡದು ಮಾಡ್ರಿ" ಎಂದರು ಕಾಕಾ. "ಕೈ ಸಣ್ಣದಾತ್ರಿ ಮಾಸ್ತರ, ಅವತ್ತು ಮರದ ಕೆಳಗ ಎಷ್ಟು ಉದ್ದ ಚಾಚಿದ್ರಿ!" ಎಂದು, ಮರದ ಕೆಳಗಿನಿಂದ ಆಗತಾನೇ ಎದ್ದು ಬಂದಿದ್ದ ನೀಲವ್ವ ಯಾವುದೋ ಹಳೆಯ ಇತಿಹಾಸದಂತೆ ನೆನಪಿಸಿದಳು. ಅವರು ಹೇಳಿದ ಹಾಗೆಲ್ಲ ತಿದ್ದುತ್ತ ಹೋಗಿ ಆ ಕೈ ರಷ್ಯಾ, ಚೀನಾ ಎರಡನ್ನೂ ದಾಟಿ ರೊಟ್ಟಿಯ ನಡುವಿಗೆ ಹೋಗಿ ಮುಟ್ಟಿತು.

ಸವಣೂರಿನ ಕೀರ್ತಿ ಹರಡಿ ಮುಂದೆ ಹಾನಗಲ್ಲಿನಲ್ಲಿಯೂ ಅದೇ ಭಾಷಣಕ್ಕೆ ಕರೆದರು. ಈ ಸಲ ಹುಷಾರಾಗಿ ಬುತ್ತಿ ಕಟ್ಟಿಸಿಕೊಂಡೇ ಹೋಗಿದ್ದೆ; ಸಂತೆಯ ಮರುದಿನವಾದ್ದರಿಂದ ಅದರಲ್ಲಿ ನಾಲ್ಕಾರು ಊರಿನ ರೊಟ್ಟಿ ಇತ್ತು. ಭಾಷಣ ಮುಗಿದು, ಪಟ ತೂಗುಹಾಕಿದ್ದ ಗೋಡೆಯ ಕೆಳಗೇ ಎಲ್ಲರೂ ಊಟಕ್ಕೆ ಕುಳಿತೆವು. ನನ್ನ ಪಕ್ಕಕ್ಕೆ ಶಿಕ್ಷಣ ಇಲಾಖೆಯ ಒಬ್ಬ ಹಿರಿಯ ಅಧಿಕಾರಿಗಳು ತಮ್ಮ ಡಬ್ಬಿ ಬಿಚ್ಚಿಕೊಂಡು ಕುಳಿತರು. ಉಣ್ಣುತ್ತ ಉಣ್ಣುತ್ತ ಪಟವನ್ನೇ ದಿಟ್ಟಿಸಿ, "ಮಾಸ್ತರ, ಆ ಕಡೇಕ ಕುಂತಾನಲ್ಲ, ಕನ್ನಡಕದಾಂವ, ಯಾವ ದೇಶದಾಂವ್ರಿ ಅಂವ? ಎಲ್ಲಾರಕಿಂತ ಮುಂದ ಕೈ ಹಾಕ್ಯಾನ" ಎಂದು ಕೇಳಿದರು.

"ಅಂವ ನಮ್ಮ ಹಿರೇಕೆರೂರಿನಾಂವ್ರಿ" ಎಂದೆ.

"ಕೈ ಮಾತ್ರ ಜರಾ ಹೆಚ್ಚು ಉದ್ದ ತಗದೀರಿ. ಖರೇ ಮನಶ್ಯಾನ ಕೈ ಅಷ್ಟು ದೂರ ಹೋಕ್ಕೈತೇನ್ರಿ?" ಎಂದರು.

ಅವರ ಡಬ್ಬಿಯಲ್ಲಿದ್ದ ಬದನೆಕಾಯಿ ಎಣಗಾಯಿಯ ಕಡೆಗೆ ನನ್ನ ಕೈ ಆಗಲೇ ಹೊರಟುಬಿಟ್ಟಿತ್ತು.